ಆಪ್ತ ಸಲಹೆ: ನಿನ್ನ ಸರ್ಟಿಫಿಕೇಟು ಧಣಿಗಳ ಕಪಾಟಿನಲ್ಲಿ ಯಾಕೆ?

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯಿಂದ ಬಂದ ಈ ಪತ್ರ ಓದಿ ರಾತ್ರಿ ನಿದ್ದೆ ಬರಲಿಲ್ಲ. ಬರೆದವಳು ಪರಿಶಿಷ್ಟ ಜಾತಿಗೆ ಸೇರಿದ ಮೊಗೇರ ಸಮುದಾಯದ ಹುಡುಗಿ. ಮನೆಯಲ್ಲಿ ತುಳು, ಓದಿದ್ದು ಕನ್ನಡ ಮಾಧ್ಯಮದಲ್ಲಿ. ಡಿಗ್ರಿ ಮುಗಿದಿದೆ, ಕಾಸರಗೋಡು ಸರ್ಕಾರಿ ಕಾಲೇಜಿನಲ್ಲಿ ಕನ್ನಡ ಎಂ.ಎ.ಗೆ ಸೀಟು ಸಿಕ್ಕಿದೆ. ತಮ್ಮನಿಗೆ ಮಂಗಳೂರಿನಲ್ಲಿ ಡಿಪ್ಲೊಮಾ. ಇಬ್ಬರ ಖರ್ಚು ತನ್ನಿಂದಾಗದು, ನೀನು ಬಿಡು ಎಂದಿದ್ದಾರೆ ಅಪ್ಪ. ಬಿಡಲೇ ಅಕ್ಕಾ, ಎಂದು ಕೇಳಿದ್ದಾಳೆ.

ಬಿಡಬೇಡ ತಂಗೀ. ಆದರೆ ಪತ್ರದ ಕೊನೆಗೆ ಸುಮ್ನೆ ಎಂಬಂತೆ ಒಂದು ಮಾತು ಬರೆದಿದ್ದೀಯಲ್ಲ, ಅದು ನನ್ನನ್ನು ಕುಟುಕಿತು. "ನಮ್ಮ ಮನೆ ಸೋರುತ್ತದೆ, ಹಾಗಾಗಿ ಸರ್ಟಿಫಿಕೇಟೆಲ್ಲ ಧಣಿಗಳ ಕಪಾಟಿನಲ್ಲಿದೆ. ತಮ್ಮನದನ್ನು ಕೊಟ್ಟರು. ನನ್ನದು ಅಡಿಕೆ ಸುಲಿದು ಮುಗಿಯಲಿ ಎಂದರು. ಒಳ್ಳೆಯವರೇ."

ಒಳ್ಳೆಯವರು ಹೀಗೆ ಮಾಡುತ್ತಾರಾ? ಹುಡುಗ ಓದಲಿ, ಹುಡುಗಿ ಅಡಿಕೆ ಸುಲಿಯಲಿ ಎಂದು ನಿನ್ನ ಮನೆಯ ವಿಷಯ ತೀರ್ಮಾನಿಸಲು ಅವರು ಯಾರು? ನಮ್ಮ ಕೇರಳದಲ್ಲಿ ಗೇಣಿ ಪದ್ಧತಿ 1970ರ ಜನವರಿ 1ಕ್ಕೇ ಹೋಗಿದೆ. ನಿನ್ನ ಜಾತಿ ಸರ್ಟಿಫಿಕೇಟಿನ ಮೇಲೆ ಈಗಲೂ ಅವರದೇ ಬೀಗ. ನಿನ್ನ ಅಪ್ಪನ ಮೇಲೆ ನನಗೆ ಸಿಟ್ಟಿಲ್ಲ. ಇಂದಿಗೂ ಆ ಮನೆಯ ಅಂಗಳದಲ್ಲೇ ನಿಂತು ಮಾತಾಡುತ್ತಾರೆ ಎಂದು ನೀನೇ ಬರೆದಿದ್ದೀಯ. ಪೂರಾ ಸಿಟ್ಟು ಆ ಧಣಿಯ ಮೇಲೆ.

ಇನ್ನು ಫೀಸು. ಕೇರಳದಲ್ಲಿ ಪರಿಶಿಷ್ಟ ಜಾತಿಯ ಮಕ್ಕಳ ಕಾಲೇಜು ಫೀಸನ್ನು ಇ-ಗ್ರಾಂಟ್ಸ್ ಎಂಬ ವಿದ್ಯಾರ್ಥಿ ನೆರವಿನ ಯೋಜನೆಯ ಮೂಲಕ ಸರ್ಕಾರವೇ ಕಟ್ಟುತ್ತದೆ. ಸರ್ಕಾರಿ ಆನ್‌ಲೈನ್ ಸೇವೆಗಳ ಅಕ್ಷಯ ಕೇಂದ್ರದಲ್ಲಿ ಅರ್ಜಿ ಹಾಕಿಕೊಡುತ್ತಾರೆ. ಅಪ್ಪನಿಗೆ ಇದನ್ನು ಯಾರೂ ಹೇಳಿಲ್ಲ ಅಂತ ಕಾಣುತ್ತದೆ. ಬಸ್ಸಿನ ಖರ್ಚಿನ ಲೆಕ್ಕ ಮಾತ್ರ ಮನೆಯಲ್ಲಿ ಕೂತು ಹಾಕಿ.

ಕನ್ನಡ ಬಾರದ ಶಿಕ್ಷಕರನ್ನು ನಮ್ಮ ಕಾಸರಗೋಡಿನ ಕನ್ನಡ ಶಾಲೆಗಳಿಗೆ ಹಾಕಿದಾಗ ನಾವೆಲ್ಲ ಬೀದಿಗಿಳಿದೆವು. ಕನ್ನಡ ಎಂ.ಎ. ಮಾಡುತ್ತೇನೆ ಎನ್ನುವ ನಮ್ಮದೇ ಹುಡುಗಿಯನ್ನು ಅಡಿಕೆ ರಾಶಿಯ ಮುಂದೆ ಕೂರಿಸಿದರೆ ಹೇಗೆ?

ಈ ಅಂಕಣದಲ್ಲಿ ಎಷ್ಟೋ ಸಲ ಬರೆದಿದ್ದೇನೆ: ಹೆಣ್ಣುಮಗಳ ಕಾಗದಪತ್ರ ಅವಳ ಕೈಯಲ್ಲೇ ಇರಬೇಕು. ಅಪ್ಪನ ಕೈಯಲ್ಲೂ ಬೇಡ, ಮುಂದೆ ಗಂಡನ ಕೈಯಲ್ಲೂ ಬೇಡ.

ನಾಳೆ ಬೆಳಿಗ್ಗೆ ಹೋಗು. ಅಪ್ಪನನ್ನು ಕಳಿಸಬೇಡ, ನೀನೇ ಹೋಗು. ಜಗಲಿ ಹತ್ತಿ ನಿಂತು "ನನ್ನ ಸರ್ಟಿಫಿಕೇಟು ಕೊಡಿ" ಅನ್ನು. ಬೇರೆ ಮಾತು ಬೇಡ, ಕೈಗೆ ಬರುವ ತನಕ ಇಳಿಯಬೇಡ. ತಂದ ಮೇಲೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಅಕ್ಕಿ ಡಬ್ಬದೊಳಗೆ ಇಡು. ನನ್ನಮ್ಮ ನನ್ನದನ್ನು ಅಲ್ಲೇ ಇಡುತ್ತಿದ್ದರು. ಎಷ್ಟು ಮಳೆ ಬಂದರೂ ಒದ್ದೆಯಾಗಲಿಲ್ಲ.