ಮೊದಲ ಸುತ್ತಿನಲ್ಲೇ ಸೋಲುವ ಕಾಲೇಜು ಫುಟ್‌ಬಾಲ್ ತಂಡವನ್ನು ಹೊಸ ಕೋಚ್ ಮೇಲೆತ್ತಬಲ್ಲರೇ?

ನಿಮ್ಮ ಪ್ರಶ್ನೆ ಇಷ್ಟು: ಮಂಡ್ಯದ ಪದವಿ ಕಾಲೇಜೊಂದರಲ್ಲಿ ಅಂತಿಮ ವರ್ಷದಲ್ಲಿದ್ದೀರಿ, ಫುಟ್‌ಬಾಲ್ ತಂಡದ ನಾಯಕರು. ಅಂತರ ಕಾಲೇಜು ಟೂರ್ನಿಯಲ್ಲಿ ನಿಮ್ಮ ತಂಡ ಪ್ರತಿ ವರ್ಷ ಮೊದಲ ಸುತ್ತಿನಲ್ಲೇ, ಅದೂ ದೊಡ್ಡ ಅಂತರದಲ್ಲಿ ಸೋತು ಬರುತ್ತಿದೆ. ಈ ವರ್ಷ ಹೊಸ ಕೋಚ್ ಬಂದಿದ್ದಾರೆ. ತಂಡ ಸುಧಾರಿಸಲು ಎಷ್ಟು ಕಾಲ ಬೇಕು, ಯಾವ ಫಾರ್ಮೇಶನ್ (ಆಟಗಾರರನ್ನು ಮೈದಾನದಲ್ಲಿ ನಿಲ್ಲಿಸುವ ಕ್ರಮ) ಆಡಬೇಕು, ಗೆಲುವು ಬರುವ ಹೊತ್ತಿಗೆ ಕಾಲೇಜು ಬಿಟ್ಟಿರುವ ನೀವು ಈಗ ಏನು ಮಾಡಬಹುದು ಎಂದು ಕೇಳಿದ್ದೀರಿ.

ನಾನು ಮೈಸೂರಿನ ಪದವಿ ಕಾಲೇಜೊಂದರ ತಂಡಕ್ಕೆ ತರಬೇತಿ ಕೊಡುತ್ತಿದ್ದೇನೆ. ವಹಿಸಿಕೊಂಡಾಗ ನಮ್ಮ ಸ್ಥಿತಿಯೂ ನಿಮ್ಮದಕ್ಕಿಂತ ಬೇರೆ ಇರಲಿಲ್ಲ. ಆ ಅನುಭವದ ಮೇಲೆ ಹೇಳುತ್ತೇನೆ: ತಂಡವನ್ನು ಮೇಲೆತ್ತಬಹುದು, ಅನುಮಾನ ಬೇಡ. ಆದರೆ ಫಾರ್ಮೇಶನ್ ಮಾತು ಸದ್ಯಕ್ಕೆ ಬದಿಗಿರಲಿ. ಮೊದಲು ಆಗಬೇಕಾದದ್ದು, ಅದೇ ಹದಿನೈದು ಹದಿನಾರು ಮಂದಿ ತಪ್ಪದೆ ಮೈದಾನಕ್ಕೆ ಬಂದು ಒಟ್ಟಿಗೆ ಆಡುವ ಪರಿಪಾಠ.

ಇದು ಎಲ್ಲರೂ ಹೇಳುವ ಶಿಸ್ತಿನ ಮಾತು ಎನಿಸಬಹುದು. ಸ್ವಲ್ಪ ಲೆಕ್ಕ ಹಾಕಿ ನೋಡಿ. ಪದವಿ ಮೂರು ವರ್ಷದ್ದು. ಪ್ರತಿ ವರ್ಷ ತಂಡದ ಮೂರನೇ ಒಂದು ಪಾಲು, ಅದೂ ಅನುಭವವಿರುವ ಪಾಲು, ಹೊರಟುಹೋಗುತ್ತದೆ. ಟೂರ್ನಿ ನಾಕೌಟ್ ಮಾದರಿಯದು. ಮೊದಲ ಸುತ್ತಿನಲ್ಲಿ ಸೋತವರಿಗೆ ವರ್ಷಕ್ಕೆ ಸಿಗುವುದು ಒಂದೇ ಒಂದು ಪಂದ್ಯ. ಮೂರು ವರ್ಷ ಜೆರ್ಸಿ ತೊಟ್ಟ ಹುಡುಗನ ಒಟ್ಟು ಅನುಭವ ಮೂರು ಪಂದ್ಯ! ಗೆಲ್ಲುವ ಕಾಲೇಜಿನವನು ಅಷ್ಟನ್ನು ಒಂದೇ ಟೂರ್ನಿಯಲ್ಲಿ ಆಡಿ ಮುಗಿಸಿರುತ್ತಾನೆ. ಹೀಗೆ ಗೆಲ್ಲುವವರು ಕಲಿಯುತ್ತಾ ಹೋಗುತ್ತಾರೆ, ಸೋಲುವವರಿಗೆ ಕಲಿಯಲು ಪಂದ್ಯವೇ ಇರುವುದಿಲ್ಲ. ನಿಮ್ಮ ಹುಡುಗರಲ್ಲಿ ಪ್ರತಿಭೆ ಇಲ್ಲ ಎಂದು ಯಾರಾದರೂ ಹೇಳಿದರೆ ಈ ಲೆಕ್ಕವನ್ನು ಅವರ ಮುಂದಿಡಿ.

ಆದ್ದರಿಂದ ಪಂದ್ಯಗಳನ್ನು ನೀವೇ ಹುಟ್ಟಿಸಿಕೊಳ್ಳಬೇಕು. ಮೈಸೂರಿನ ಮೊಹಲ್ಲಾಗಳಲ್ಲಿ ಭಾನುವಾರ ಬೆಳಿಗ್ಗೆ ಆಡುವ ತಂಡಗಳಿವೆ. ಬೈಲಕುಪ್ಪೆಯ ಟಿಬೆಟನ್ ಶಿಬಿರದ ಹುಡುಗರಿಗೆ ಫುಟ್‌ಬಾಲ್ ಎಂದರೆ ಪ್ರಾಣ. ನಿಮ್ಮ ಊರಿನಲ್ಲೇ ಪಿಯು ಕಾಲೇಜುಗಳಿವೆ. ಮಂಡ್ಯದಿಂದ ಬೆಳಗಿನ ರೈಲು ಹತ್ತಿದರೆ ಮೈಸೂರು ದೂರವಲ್ಲ, ಖರ್ಚೂ ಹೆಚ್ಚಲ್ಲ. ಒಂದು ಎಚ್ಚರಿಕೆ ಮಾತ್ರ ಇಟ್ಟುಕೊಳ್ಳಿ: ಶುರುವಿನಲ್ಲೇ ಬಲಿಷ್ಠ ತಂಡವನ್ನು ಹುಡುಕಿಕೊಂಡು ಹೋಗಿ ಎಂಟು ಗೋಲು ಹೊಡೆಸಿಕೊಂಡು ಬರಬೇಡಿ. ಸೋತು ರೂಢಿಯಾದವರಿಗೆ ಅದರಿಂದ ಏನೂ ದಕ್ಕುವುದಿಲ್ಲ. ನಿಮ್ಮ ಮಟ್ಟದವರ ಜೊತೆ ಆಡಿ, ಸ್ವಲ್ಪ ಮೇಲಿನವರ ಜೊತೆ ಆಡಿ.

ಇನ್ನು ಅಭ್ಯಾಸಕ್ಕೆ ಬರುವ ವಿಚಾರ. ಮಳವಳ್ಳಿ, ನಾಗಮಂಗಲ, ಪಾಂಡವಪುರದ ಕಡೆಯಿಂದ ಬಸ್ಸಿನಲ್ಲಿ ಬಂದು ಹೋಗುವ ಹುಡುಗರು ನಿಮ್ಮಲ್ಲಿ ಬಹಳ ಇರುತ್ತಾರೆ. ಬೆಳಿಗ್ಗೆ ಆರಕ್ಕೆ ಅಭ್ಯಾಸ ಎಂದರೆ, ಹಾಲು ಕರೆದು ಡೇರಿಗೆ ಹಾಕಿ ಹೊರಡಬೇಕಾದವನು ಹೇಗೆ ಬರುತ್ತಾನೆ? ಸಂಜೆ ಎಂದರೆ ಊರಿನ ಕಡೆಯ ಬಸ್ಸು ತಪ್ಪುತ್ತದೆ. ಇಂಥವನನ್ನು ಸೋಮಾರಿ ಎಂದು ಕೈಬಿಟ್ಟರೆ ತಂಡ ಅರ್ಧಕ್ಕರ್ಧ ಖಾಲಿಯಾಗುತ್ತದೆ. ನಾವು ಮಾಡಿಕೊಂಡ ಏರ್ಪಾಡು ಹೀಗಿದೆ. ಹಾಸ್ಟೆಲ್ ಹುಡುಗರು ಬೆಳಿಗ್ಗೆ ಸೇರುತ್ತಾರೆ. ಊರಿನಿಂದ ಬರುವವರಿಗೆ ತರಗತಿ ಇಲ್ಲದ ಹೊತ್ತಿನಲ್ಲಿ ಅದೇ ಪಾಠ. ವಾರದಲ್ಲಿ ಎರಡು ದಿನ ಮಾತ್ರ ಎಲ್ಲರೂ ಒಟ್ಟಿಗೆ. ಆ ಎರಡು ದಿನ ಯಾರೂ ತಪ್ಪಿಸುವಂತಿಲ್ಲ. ನಿಮ್ಮ ಕೋಚ್ ಹೊಸಬರು, ಯಾರ ಬಸ್ಸು ಎಷ್ಟು ಗಂಟೆಗೆ ಎಂಬುದು ಅವರಿಗೆ ತಿಳಿದಿರುವುದಿಲ್ಲ. ನಾಯಕರಾಗಿ ನೀವು ಅದನ್ನು ಬರೆದುಕೊಂಡು ಹೋಗಿ ಅವರ ಕೈಗೆ ಕೊಡಿ.

ಪರಿಪಾಠ ಗಟ್ಟಿಯಾಗಿ ಉಳಿಯುವುದು ಅಥವಾ ಕುಸಿಯುವುದು ತಂಡದ ದೊಡ್ಡ ಆಟಗಾರನ ವಿಷಯದಲ್ಲಿ. ನಮ್ಮಲ್ಲೂ ಒಬ್ಬ ಸ್ಟ್ರೈಕರ್ ಇದ್ದ. ಕಾಲಲ್ಲಿ ಕಲೆಯಿತ್ತು, ಅಭ್ಯಾಸಕ್ಕೆ ಮಾತ್ರ ಬರುತ್ತಿರಲಿಲ್ಲ. ಪಂದ್ಯದ ದಿನ ನೇರವಾಗಿ ಬೂಟು ಹಿಡಿದು ಬರುವನು. ಬಂದ ಮೇಲೆ ಅವನಿಗೆ ಜಾಗ ಬಿಟ್ಟುಕೊಟ್ಟು, ದಿನವೂ ಬೆವರು ಹರಿಸಿದ ಹುಡುಗ ಬೆಂಚಿನ ಮೇಲೆ ಕೂರುವನು. ಅದನ್ನು ನಿಲ್ಲಿಸಿದೆ.

“ನಾನಿಲ್ಲದಿದ್ದರೆ ಗೋಲು ಹೊಡೆಯುವವರು ಯಾರು ಸರ್?” ಎಂದು ಅವನು ನೇರವಾಗಿಯೇ ಕೇಳಿದ.

“ನೀನು ಇದ್ದಾಗಲೂ ಸೋಲುತ್ತಿದ್ದೆವಲ್ಲಪ್ಪ. ನಾಳೆ ಆರು ಗಂಟೆಗೆ ಬಾ” ಎಂದೆ.

ಬರಲಿಲ್ಲ. ಆ ವಾರದ ಪಂದ್ಯಕ್ಕೆ ಪ್ರಥಮ ಬಿ.ಕಾಂ.ನ ಹುಡುಗನೊಬ್ಬನನ್ನು ಮುಂದೆ ನಿಲ್ಲಿಸಿದೆ. ಸೋತೆವು. ಆದರೆ ಮರುದಿನದಿಂದ ಬೆಂಚಿನ ಹುಡುಗರು ನನಗಿಂತ ಮೊದಲೇ ಮೈದಾನದಲ್ಲಿರತೊಡಗಿದರು. ದುಡಿದವನಿಗೆ ಜಾಗ ಸಿಗುತ್ತದೆ ಎಂಬುದು ಅವರಿಗೆ ಖಾತ್ರಿಯಾಗಿತ್ತು. ಸ್ಟ್ರೈಕರ್ ಆಮೇಲೆ ತಾನಾಗಿಯೇ ಬಂದ, ಚೆನ್ನಾಗಿಯೂ ಆಡಿದ. ನಿಮ್ಮ ಕೋಚ್ ಇಂಥ ನಿರ್ಧಾರ ತೆಗೆದುಕೊಂಡ ದಿನ ಸ್ನೇಹಿತನ ಪರ ನಿಲ್ಲಬೇಡಿ, ಕೋಚ್ ಪಕ್ಕ ನಿಲ್ಲಿ. ಹೊಸ ಕೋಚ್‌ಗೆ ನಾಯಕ ಮಾಡಬಹುದಾದ ದೊಡ್ಡ ಉಪಕಾರ ಅದೇ.

ಈಗ ಆಟಕ್ಕೆ ಬರೋಣ. ಸೋಲುವ ತಂಡವನ್ನು ಗಡಿರೇಖೆಯ ಹೊರಗೆ ನಿಂತು ನೋಡಿ. ಡಿಫೆಂಡರ್‌ಗಳೆಲ್ಲ ತಮ್ಮ ಪೆನಾಲ್ಟಿ ಬಾಕ್ಸಿನೊಳಗೆ, ಸ್ಟ್ರೈಕರ್ ಮಧ್ಯರೇಖೆಯ ಹತ್ತಿರ ಸೊಂಟಕ್ಕೆ ಕೈಯಿಟ್ಟು, ನಡುವೆ ನಲವತ್ತು ಮೀಟರ್ ಬಯಲು. ಎದುರಾಳಿ ಆ ಬಯಲಿನಲ್ಲಿ ನಿರಾಳವಾಗಿ ಚೆಂಡು ಆಡಿಸುತ್ತಾನೆ. ಹಿಂದಿನ ಡಿಫೆಂಡರ್‌ನಿಂದ ಮುಂದಿನ ಸ್ಟ್ರೈಕರ್‌ವರೆಗೆ ಇಡೀ ತಂಡ ಮೂವತ್ತೈದು ಮೀಟರ್ ಒಳಗೆ ಇರಬೇಕು. ಚೆಂಡು ಮುಂದೆ ಹೋದರೆ ಎಲ್ಲರೂ ಮುಂದೆ, ಹಿಂದೆ ಬಂದರೆ ಎಲ್ಲರೂ ಹಿಂದೆ. ಗೋಲಿನ ಅಗಲ 7.32 ಮೀಟರ್, ಮೈದಾನದ ಅಗಲ ಅದರ ಎಂಟು ಒಂಬತ್ತು ಪಟ್ಟು. ಅಷ್ಟು ಅಗಲವನ್ನು ನಾಲ್ವರು ಕಾಯಲಾರರು. ಆದ್ದರಿಂದ ನಡುವನ್ನು ಮುಚ್ಚಿ, ಬದಿಯನ್ನು ಬಿಡಿ. ಬದಿಯಿಂದ ನೇರವಾಗಿ ಗೋಲು ಹೊಡೆಯುವವರು ಕಾಲೇಜು ಮಟ್ಟದಲ್ಲಿ ಅಪರೂಪ.

ಇದನ್ನು ಬಾಯಲ್ಲಿ ಹೇಳಿದರೆ ಯಾರಿಗೂ ಹತ್ತುವುದಿಲ್ಲ. ನಾನು ಹಗ್ಗ ತಂದೆ. ನಾಲ್ವರು ಡಿಫೆಂಡರ್‌ಗಳನ್ನು ಸಾಲಾಗಿ ನಿಲ್ಲಿಸಿ, ಒಬ್ಬನ ಸೊಂಟದಿಂದ ಇನ್ನೊಬ್ಬನ ಸೊಂಟಕ್ಕೆ ಎಂಟೆಂಟು ಮೀಟರ್ ಬಿಟ್ಟು ಕಟ್ಟಿದೆ. ಎದುರಿಗೆ ಇಬ್ಬರು ನಿಧಾನವಾಗಿ ಚೆಂಡನ್ನು ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಸರಿಸುತ್ತಿದ್ದರು. ಚೆಂಡು ತನ್ನ ಕಡೆ ಬಂದೊಡನೆ ಎಡಗಡೆಯವನು ರಭಸದಿಂದ ಓಡಿದ. ಹಗ್ಗ ಜಗ್ಗಿ ಪಕ್ಕದ ಸ್ಟಾಪರ್, ಅಂದರೆ ನಡುವಿನ ಡಿಫೆಂಡರ್, ಮುಗ್ಗರಿಸಿದ, ಅವನ ಹಿಂದೆ ಮೂರನೆಯವನೂ. ಎಲ್ಲರೂ ನಕ್ಕರು. ಮತ್ತೆ ಮಾಡಿಸಿದೆ. ಸ್ವಲ್ಪ ಹೊತ್ತಿಗೆ ಸ್ಟಾಪರ್ ಮಾತಾಡಲು ಶುರು ಮಾಡಿದ: “ಎಡಕ್ಕೆ”, “ನಿಲ್ಲು”, “ಮೇಲೆ ಬಾ”. ನನಗೆ ಬೇಕಾಗಿದ್ದದ್ದು ಆ ಮಾತು. ಸೋಲುವ ತಂಡಗಳು ಮೈದಾನದಲ್ಲಿ ಮೂಕವಾಗಿರುತ್ತವೆ, ಗೋಲು ಬಿದ್ದ ಮೇಲೆ ಬೈಯುವುದಕ್ಕೆ ಮಾತ್ರ ಬಾಯಿ ತೆರೆಯುತ್ತವೆ. ಕೊನೆಗೆ ಹಗ್ಗ ಬಿಚ್ಚಿ ಆಡಿಸಿದೆ. ನಾಲ್ವರೂ ಅದೇ ಅಂತರದಲ್ಲಿ ಸರಿಯುತ್ತಿದ್ದರು, ಹೆಗಲ ಮೇಲಿಂದ ಪಕ್ಕದವನನ್ನು ನೋಡಿಕೊಳ್ಳುತ್ತಾ. ನಡಿಗೆಯ ವೇಗದಲ್ಲಿ ಮಾಡಿಸಿ ಎಂದು ನಿಮ್ಮ ಕೋಚ್‌ಗೆ ಹೇಳಿ, ಓಡುತ್ತಾ ಹಗ್ಗ ಕಟ್ಟಿದರೆ ಬಿದ್ದು ಪೆಟ್ಟಾಗುತ್ತದೆ.

ಫಾರ್ಮೇಶನ್ ಕೇಳಿದ್ದೀರಲ್ಲ, 4-4-2 ಸಾಕು: ಹಿಂದೆ ನಾಲ್ವರು, ನಡುವೆ ನಾಲ್ವರು, ಮುಂದೆ ಇಬ್ಬರು. ಪ್ರಥಮ ವರ್ಷದ ಹುಡುಗನಿಗೂ ಒಂದೇ ದಿನದಲ್ಲಿ ತನ್ನ ಜಾಗ ತಿಳಿಯುತ್ತದೆ.

ಇನ್ನೊಂದು ಅಭ್ಯಾಸ, ಇದಕ್ಕೆ ನಾಯಕರೇ ಬೇಕು. ಸೋತು ರೂಢಿಯಾದ ತಂಡಕ್ಕೆ ಒಂದು ಗೋಲು ಬಿದ್ದರೆ ಅದರ ಬೆನ್ನಲ್ಲೇ ಎರಡನೆಯದು ಬೀಳುತ್ತದೆ. ಮೊದಲನೆಯದರ ದುಃಖದಲ್ಲಿ ಎಲ್ಲರೂ ತಲೆತಗ್ಗಿಸಿರುತ್ತಾರೆ, ಇಲ್ಲವೇ ಒಮ್ಮೆಗೇ ಸಮ ಮಾಡುವ ಆತುರದಲ್ಲಿ ಜಾಗ ಬಿಟ್ಟು ಓಡುತ್ತಾರೆ. ನಮ್ಮಲ್ಲಿ ನಿಯಮ ಮಾಡಿದೆವು. ಗೋಲು ಬಿದ್ದರೆ ಚೆಂಡನ್ನು ಬಲೆಯಿಂದ ತೆಗೆಯುವವನು ನಾಯಕ. ಅವನು ಅದನ್ನು ಹಿಡಿದು ಮಧ್ಯಕ್ಕೆ ನಡೆದು ಬರುವಷ್ಟರಲ್ಲಿ ನಾಲ್ವರು ಡಿಫೆಂಡರ್‌ಗಳು ಒಂದು ಕಡೆ ಸೇರಿ ಮಾತಾಡಬೇಕು. ಮುಂದಿನ ಐದು ನಿಮಿಷ ನಡುವಿನಿಂದ ಯಾರೂ ಮುಂದಕ್ಕೆ ನುಗ್ಗುವಂತಿಲ್ಲ. ಆರು ಗೋಲಿನ ಸೋಲು ಎರಡು ಗೋಲಿನ ಸೋಲಾದದ್ದು ಹೆಚ್ಚಾಗಿ ಇದರಿಂದ.

ಆಟಗಾರರು ಸಾಲದಿದ್ದರೆ ಕಬಡ್ಡಿ ಅಂಕಣದ ಕಡೆ ನೋಡಿ. ಮಂಡ್ಯದಲ್ಲಿ ಕಬಡ್ಡಿ ಆಡದ ಹುಡುಗ ಯಾರಿದ್ದಾನೆ? ಎದುರಿನವನ ಮೇಲೆ ಕಣ್ಣಿಟ್ಟು ಹಿಂದೆ ಸರಿಯುವುದು, ಸರಿಯಾದ ಕ್ಷಣಕ್ಕೆ ಮುಂದೆ ನುಗ್ಗುವುದು ಅವನಿಗೆ ಆಗಲೇ ಗೊತ್ತು. ಡಿಫೆಂಡರ್‌ಗೆ ಬೇಕಾದದ್ದೂ ಅದೇ. ಪಾಸ್ ಕೊಡುವುದನ್ನು ಕಲಿಸಬೇಕು ಅಷ್ಟೆ. ಖೋ ಖೋ ಆಡಿದವನು ಚಕ್ಕನೆ ತಿರುಗುತ್ತಾನೆ, ಅವನನ್ನು ಬದಿಯಲ್ಲಿ ಆಡಿಸಿ.

ದೇಹದ ವಿಷಯ ಚುಟುಕಾಗಿ ಹೇಳುತ್ತೇನೆ. ಸಂಕ್ರಾಂತಿ ಕಳೆದ ಮೇಲೆ ನಮ್ಮ ಮೈದಾನಗಳು ಕಲ್ಲಾಗಿಬಿಡುತ್ತವೆ. ಮಂಡಿ, ಕಣಕಾಲು, ತೊಡೆಯ ಹಿಂದಿನ ಸ್ನಾಯು ಹಿಡಿದುಕೊಳ್ಳುವುದು ಆಗಲೇ. ಫಿಫಾ 11 ಪ್ಲಸ್ ಎಂಬ ವಾರ್ಮ್ ಅಪ್ ಕ್ರಮವಿದೆ: ಎಂಟು ನಿಮಿಷ ನಿಧಾನದ ಓಟ, ಹತ್ತು ನಿಮಿಷ ಬಲ ಮತ್ತು ಸಮತೋಲನದ ವ್ಯಾಯಾಮ, ಕೊನೆಗೆ ಎರಡು ನಿಮಿಷ ಬಿರುಸಿನ ಓಟ. ಉಪಕರಣ ಬೇಡ, ಚೆಂಡೊಂದಿದ್ದರೆ ಸಾಕು. ವಾರಕ್ಕೆ ಎರಡು ಬಾರಿಯಾದರೂ ಮಾಡಿಸಿದರೆ ಗಾಯಗಳು ಕಡಿಮೆಯಾಗುತ್ತವೆ. ಹದಿನೈದೇ ಮಂದಿಯ ತಂಡದಲ್ಲಿ ಇಬ್ಬರು ಕುಂಟಿದರೆ ಇಡೀ ವರ್ಷದ ಶ್ರಮ ಹೋಯಿತು. ಊಟಕ್ಕೆ ಪ್ರೋಟೀನ್ ಡಬ್ಬದ ಹಿಂದೆ ಬೀಳಬೇಡಿ. ರಾಗಿ ಮುದ್ದೆ, ಹುರುಳಿ ಕಾಳಿನ ಸಾರು, ಬೇಯಿಸಿದ ಮೊಟ್ಟೆ ಹೊಟ್ಟೆ ತುಂಬ ತಿನ್ನಲಿ. ಅಭ್ಯಾಸ ಮುಗಿದೊಡನೆ ಒಂದು ಹಿಡಿ ಕಡಲೆಕಾಯಿ ಬೀಜ, ಒಂದು ಚೂರು ಬೆಲ್ಲ. ಖಾಲಿ ಹೊಟ್ಟೆಯಲ್ಲಿ ತರಗತಿಗೆ ಹೋಗಿ ಕೂರುವ ಹುಡುಗ ಎರಡೇ ವಾರದಲ್ಲಿ ಅಭ್ಯಾಸ ಬಿಡುತ್ತಾನೆ.

ಎಷ್ಟು ಕಾಲ ಬೇಕು ಎಂದು ಕೇಳಿದ್ದೀರಿ. ಅಮೆರಿಕದ ಕಾಲೇಜು ಫುಟ್‌ಬಾಲ್ ಬೇರೆಯೇ ಆಟ, ಆದರೂ ಅಲ್ಲಿನ ಒಂದು ಉದಾಹರಣೆ ನಿಮಗೆ ಹೊಂದುತ್ತದೆ. ಕಾನ್ಸಾಸ್ ಸ್ಟೇಟ್ ವಿಶ್ವವಿದ್ಯಾಲಯದ ತಂಡ 1987 ಮತ್ತು 1988ರಲ್ಲಿ ಒಂದೂ ಪಂದ್ಯ ಗೆದ್ದಿರಲಿಲ್ಲ. 1989ರಲ್ಲಿ ಬಿಲ್ ಸ್ನೈಡರ್ ಕೋಚ್ ಆಗಿ ಬಂದರು. ಮೊದಲ ವರ್ಷ ಹನ್ನೊಂದು ಪಂದ್ಯಗಳಲ್ಲಿ ಒಂದೇ ಗೆಲುವು. ಎರಡನೇ ವರ್ಷ ಐದು, ಮೂರನೇ ವರ್ಷ ಏಳು. ಮೊದಲ ವರ್ಷದ ಆ ಒಂದು ಗೆಲುವನ್ನು ನೋಡಿ ಅವರನ್ನು ಕಳಿಸಿಬಿಟ್ಟಿದ್ದರೆ ಮುಂದಿನದ್ಯಾವುದೂ ಆಗುತ್ತಿರಲಿಲ್ಲ. ನಿಮ್ಮಲ್ಲೂ ಮೂರು ವರ್ಷ ಹಿಡಿಯಿರಿ, ಅಂದರೆ ಈಗ ಪ್ರಥಮ ವರ್ಷದಲ್ಲಿರುವವರು ಅಂತಿಮ ವರ್ಷಕ್ಕೆ ಬರುವವರೆಗೆ. ಕೋಚ್ ಅಷ್ಟು ಕಾಲ ಉಳಿಯುವಂತೆ ನೋಡಿಕೊಳ್ಳುವುದು ಪ್ರಾಂಶುಪಾಲರ ಹೊಣೆ. ಪ್ರತಿ ವರ್ಷ ಗುತ್ತಿಗೆ ಮುಗಿಸಿ ಹೊಸಬರನ್ನು ತರುವ ಕಾಲೇಜುಗಳು ಪ್ರತಿ ವರ್ಷ ಮೊದಲಿನಿಂದ ಶುರು ಮಾಡುತ್ತಲೇ ಇರುತ್ತವೆ, ಇದನ್ನು ಕಂಡು ನನಗೆ ನಿಜಕ್ಕೂ ಸಂಕಟವಾಗುತ್ತದೆ.

ನಮ್ಮ ದೇಶದ ದೊಡ್ಡ ಕೋಚ್ ಹೈದರಾಬಾದಿನ ಸೈಯದ್ ಅಬ್ದುಲ್ ರಹೀಂ ಅವರನ್ನೂ ನಿಮ್ಮ ಹುಡುಗರಿಗೆ ಪರಿಚಯಿಸಿ. ಶಾಲಾ ಶಿಕ್ಷಕರಾಗಿದ್ದವರು. 1962ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತ ಮೊದಲ ಪಂದ್ಯದಲ್ಲಿ ದಕ್ಷಿಣ ಕೊರಿಯಾಕ್ಕೆ 0-2ರಿಂದ ಸೋತಿತು. ಫೈನಲ್‌ನಲ್ಲಿ ಎದುರಾದದ್ದು ಅದೇ ದಕ್ಷಿಣ ಕೊರಿಯಾ, ಅಲ್ಲಿ ಭಾರತ 2-1ರಿಂದ ಗೆದ್ದು ಚಿನ್ನ ತಂದಿತು. ತಲೆಗೆ ಪೆಟ್ಟಾಗಿದ್ದ ಡಿಫೆಂಡರ್ ಜರ್ನೈಲ್ ಸಿಂಗ್ ಅವರನ್ನು ರಹೀಂ ಮುಂದೆ ಆಡಿಸಿದರು, ಗೆಲುವಿನ ಎರಡು ಗೋಲುಗಳಲ್ಲಿ ಒಂದು ಅವರದೇ. ಇದ್ದ ಆಟಗಾರರನ್ನೇ ಇಟ್ಟುಕೊಂಡು ದಾರಿ ಹುಡುಕಿದ ಕೋಚ್ ಅವರು.

ಮೊದಲ ವರ್ಷ ಗೆಲುವು ಎಣಿಸಬೇಡಿ. ಒಂದು ನೋಟ್‌ಬುಕ್ಕಿನಲ್ಲಿ ಮೂರು ಸಂಗತಿ ಬರೆದಿಡಿ: ಅಭ್ಯಾಸಕ್ಕೆ ಯಾರು ಬಂದರು, ಪಂದ್ಯದಲ್ಲಿ ಎಷ್ಟು ಗೋಲು ಬಿಟ್ಟುಕೊಟ್ಟಿರಿ, ಅದರಲ್ಲಿ ಕಾರ್ನರ್ ಮತ್ತು ಫ್ರೀಕಿಕ್‌ನಿಂದ ಬಂದದ್ದು ಎಷ್ಟು. ಕೊನೆಯದನ್ನು ಬರೆದ ಮೇಲೆ ಯಾವುದನ್ನು ಅಭ್ಯಾಸ ಮಾಡಬೇಕು ಎಂದು ಯಾರನ್ನೂ ಕೇಳಬೇಕಾಗುವುದಿಲ್ಲ. ಈ ನೋಟ್‌ಬುಕ್ ಹಿಡಿದುಕೊಂಡು ಕೋಚ್ ಮತ್ತು ದೈಹಿಕ ಶಿಕ್ಷಣ ನಿರ್ದೇಶಕರ ಜೊತೆ ಪ್ರಾಂಶುಪಾಲರ ಬಳಿ ಹೋಗಿ, ಟೂರ್ನಿಯ ದಿನಗಳ ಹಾಜರಾತಿ ಮತ್ತು ಆಂತರಿಕ ಪರೀಕ್ಷೆಯ ವಿಚಾರವನ್ನು ಮುಂಚಿತವಾಗಿಯೇ ಮಾತಾಡಿಕೊಳ್ಳಿ. ಹಾಜರಾತಿಗೆ ಹೆದರಿ ಮನೆಯವರು ಆಟ ಬಿಡಿಸಿದ ಹುಡುಗರು ನನಗೆ ಎಷ್ಟೋ ಮಂದಿ ಗೊತ್ತು.

ನಿಮ್ಮ ಕೊನೆಯ ಪ್ರಶ್ನೆ, ಅಂತಿಮ ವರ್ಷದವರು ಏನು ಮಾಡಬಹುದು ಎಂಬುದು. ನಿಮ್ಮ ಜಾಗದಲ್ಲೇ ಆಡುವ ಪ್ರಥಮ ವರ್ಷದ ಹುಡುಗನೊಬ್ಬನನ್ನು ಆರಿಸಿಕೊಳ್ಳಿ. ಅಭ್ಯಾಸದಲ್ಲಿ ಅವನು ನಿಮ್ಮ ಪಕ್ಕದಲ್ಲೇ ಇರಲಿ. ಎದುರಾಳಿಯ ಕಾರ್ನರ್ ಬಂದಾಗ ಎಲ್ಲಿ ನಿಲ್ಲಬೇಕು, ಯಾರನ್ನು ಹಿಡಿಯಬೇಕು, ರೆಫರಿಯ ಜೊತೆ ಹೇಗೆ ಮಾತಾಡಬೇಕು, ಎಲ್ಲವನ್ನೂ ಹೇಳಿಕೊಡಿ. ಸ್ನೇಹಪೂರ್ವಕ ಪಂದ್ಯಗಳ ದ್ವಿತೀಯಾರ್ಧದಲ್ಲಿ ನೀವೇ ಕೋಚ್ ಬಳಿ ಹೋಗಿ ಹೊರಗೆ ಬಂದು ಅವನನ್ನು ಒಳಗೆ ಕಳಿಸಿ, ಗಡಿರೇಖೆಯ ಪಕ್ಕ ನಿಂತು ಅವನಿಗೆ ಕೇಳುವಂತೆ ಕೂಗಿ ಹೇಳುತ್ತಿರಿ. ನಿಮ್ಮ ಜೊತೆಯ ಅಂತಿಮ ವರ್ಷದವರಿಗೂ ಹೀಗೆ ಒಬ್ಬೊಬ್ಬನನ್ನು ಹಂಚಿ. ಮುಂದಿನ ವರ್ಷ ಭಾನುವಾರಗಳಲ್ಲಿ ನೀವು ಊರಿನಲ್ಲೇ ಇದ್ದರೆ, ಹಳೆಯ ವಿದ್ಯಾರ್ಥಿಗಳ ತಂಡ ಕಟ್ಟಿ ಇದೇ ಹುಡುಗರ ಎದುರು ಆಡಿ. ಅವರಿಗೆ ಪಂದ್ಯಗಳು ಬೇಕು.