ಸ್ಕೀ ಬಾರದವರಿಗೆ ಕೊಲರಾಡೊದ ಸ್ಕೀ ಊರುಗಳಲ್ಲಿ ಏನಿದೆ?

ಸೆಪ್ಟೆಂಬರ್ ಕೊನೆಯ ವಾರ ಬೆಂಗಳೂರಿನಿಂದ ಅಪ್ಪ ಅಮ್ಮ ಬರುತ್ತಿದ್ದಾರೆ, ಮನೆಯಲ್ಲಿ ಯಾರಿಗೂ ಸ್ಕೀಯಿಂಗ್ ಬಾರದು, ಹಿಮ ಬೀಳುವ ಕಾಲವೂ ಅದಲ್ಲ, ಹೀಗಿರುವಾಗ ಕಾರಿನಲ್ಲಿ ವೇಲ್, ಆಸ್ಪೆನ್, ಟೆಲ್ಯುರೈಡ್ ಸುತ್ತುವುದು ದುಡ್ಡು ದಂಡವೇ ಎಂದು ಕೇಳಿದ್ದೀರಿ. ನಾನು ಡೆನ್ವರ್‌ನಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ, ಇದುವರೆಗೆ ಕಾಲಿಗೆ ಸ್ಕೀ ಕಟ್ಟಿಕೊಂಡವನಲ್ಲ. ಆದರೂ ಹೆಚ್ಚುಕಡಿಮೆ ಪ್ರತಿ ಸೆಪ್ಟೆಂಬರ್‌ನಲ್ಲಿ ಆ ದಾರಿ ಹಿಡಿಯುತ್ತೇನೆ. ಧಾರಾಳವಾಗಿ ಹೋಗಿ. ಆದರೆ ಏಳು ದಿನ ಇಟ್ಟುಕೊಳ್ಳಿ, ಮತ್ತು ಬಂದಿಳಿದ ದಿನವೇ ಹೊರಡಬೇಡಿ.

ಎರಡನೆಯ ಮಾತನ್ನು ಪೆಟ್ಟು ತಿಂದು ಕಲಿತವನು ನಾನು. ಮೊದಲ ಸಲ ಅಪ್ಪ ಅಮ್ಮ ಬಂದಾಗ ವಿಮಾನ ನಿಲ್ದಾಣದಿಂದ ನೇರವಾಗಿ ಬ್ರೆಕೆನ್‌ರಿಜ್‌ಗೆ ಕರೆದುಕೊಂಡು ಹೋದೆ. ಎರಡು ಗಂಟೆಯ ದಾರಿ, ಏನಾದೀತು ಎಂಬ ಧೈರ್ಯ. ನಮ್ಮ ಮುಳ್ಳಯ್ಯನಗಿರಿಯ ಎತ್ತರ ಸುಮಾರು 6,300 ಅಡಿ. ಬ್ರೆಕೆನ್‌ರಿಜ್‌ನ ಬಜಾರು ಬೀದಿಯೇ 9,600 ಅಡಿಯಲ್ಲಿದೆ. ಅಪ್ಪನಿಗೆ ರಾತ್ರಿಯಿಡೀ ತಲೆ ಸಿಡಿತ, ಬೆಳಗಿನ ಜಾವ ವಾಂತಿ. ಅಮ್ಮ ವಿಮಾನದ ಊಟವನ್ನು ಬೈಯುತ್ತಿದ್ದರು. ಬೆಳಕು ಹರಿಯುತ್ತಲೇ ಕಾರು ಕೆಳಗಿಳಿಸಿದೆ. ಐಡಹೊ ಸ್ಪ್ರಿಂಗ್ಸ್ ದಾಟುವಷ್ಟರಲ್ಲಿ ಹಿಂದಿನ ಸೀಟಿನಿಂದ ‘ಎಲ್ಲಾದರೂ ಕಾಫಿ ಸಿಗುತ್ತದೆಯೇನೋ ನೋಡು’ ಎಂಬ ದನಿ ಬಂತು. ಅಷ್ಟೇ, ಬೇರೆ ಔಷಧ ಬೇಕಾಗಲಿಲ್ಲ. ಆದ್ದರಿಂದ 5,280 ಅಡಿಯ ಡೆನ್ವರ್‌ನಲ್ಲಿ ಎರಡು ರಾತ್ರಿ ಕಳೆಯಿರಿ, ನೀರು ಕುಡಿಸುತ್ತಲೇ ಇರಿ. ಹೃದಯದ ತೊಂದರೆಯೋ ಬಿಪಿಯೋ ಇದ್ದರೆ ಬೆಂಗಳೂರಿನಲ್ಲೇ ವೈದ್ಯರನ್ನು ಕೇಳಿಕೊಂಡು ಬರಲಿ.

ಮೊದಲ ದಿನ ಐ-70 ಹೆದ್ದಾರಿಯಲ್ಲಿ ಪಶ್ಚಿಮಕ್ಕೆ ಹೊರಟರೆ 11,000 ಅಡಿಗೂ ಮೇಲೆ ಬೆಟ್ಟ ಕೊರೆದು ಮಾಡಿದ ಐಸೆನ್‌ಹೋವರ್ ಸುರಂಗ ಸಿಗುತ್ತದೆ, 1973ರಲ್ಲಿ ತೆರೆದದ್ದು. ಅದರೊಳಗೆ ಹೋಗಬೇಡಿ. ಪಕ್ಕದ ಹಳೆಯ ಲವ್‌ಲ್ಯಾಂಡ್ ಪಾಸ್ ಹತ್ತಿ, 11,990 ಅಡಿ. ಪಾಸ್ ಎಂದರೆ ಬೆಟ್ಟ ದಾಟುವ ಘಟ್ಟದ ದಾರಿ. ಸುರಂಗಕ್ಕೆ ಬಿಡದ ಪೆಟ್ರೋಲ್ ಟ್ಯಾಂಕರ್‌ಗಳೂ ಅದೇ ದಾರಿಯಲ್ಲಿ ಬರುತ್ತವೆ, ಹಿಂದೆ ಹಾಕುವ ಆತುರ ಬೇಡ. ನೆತ್ತಿಯಲ್ಲಿ ನಿಂತರೆ ಒಂದು ಮಗ್ಗುಲಿನ ನೀರು ಅಟ್ಲಾಂಟಿಕ್ ಕಡೆಗೆ, ಇನ್ನೊಂದು ಮಗ್ಗುಲಿನದು ಪೆಸಿಫಿಕ್ ಕಡೆಗೆ. ಸಕಲೇಶಪುರದ ಘಟ್ಟ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇಳಿಯುವಾಗ ಬ್ರೇಕ್ ಮೇಲೆ ಕಾಲಿಟ್ಟೇ ಇರಬೇಡಿ. ಆಟೊಮ್ಯಾಟಿಕ್ ಕಾರಿನಲ್ಲೂ ಕೆಳಗಿನ ಗೇರಿಗೆ ಹಾಕುವ ವ್ಯವಸ್ಥೆ ಇರುತ್ತದೆ. ಸುಟ್ಟ ವಾಸನೆ ಬಂದ ಮೇಲೆ ಕೈಪಿಡಿ ತೆಗೆದು ಓದಿದವನ ಮಾತು ಇದು.

ಬ್ರೆಕೆನ್‌ರಿಜ್‌ನಲ್ಲಿ ಊಟ ಮುಗಿಸಿ ವೇಲ್‌ನಲ್ಲಿ ಮಲಗಿ, ಅದು ತಗ್ಗಿನಲ್ಲಿದೆ. ವೇಲ್ ಬಗ್ಗೆ ನನಗೆ ಅಂಥ ಮೋಹವಿಲ್ಲ. 1962ರಲ್ಲಿ ಸ್ಕೀಗೆಂದೇ ಆಲ್ಪ್ಸ್ ಹಳ್ಳಿಯ ನಕಲಿನಂತೆ ಕಟ್ಟಿದ ಊರು. ನಾಟಕದ ಪರದೆ ಕಟ್ಟಿದ ಹಾಗೆ ಚೆಂದ. ಅದನ್ನು ಕಟ್ಟಿದವರ ಕಥೆ ಮಾತ್ರ ರುಚಿಯಾದದ್ದು, ಅದು ಮರುದಿನದ ದಾರಿಯಲ್ಲೇ ಸಿಗುತ್ತದೆ. ಮಿಂಟರ್ನ್ ಮೇಲೆ ಲೆಡ್‌ವಿಲ್‌ಗೆ ಹೋಗುವಾಗ ಕ್ಯಾಂಪ್ ಹೇಲ್ ಎಂಬ ಬಟಾಬಯಲು ಬರುತ್ತದೆ. ಎರಡನೆಯ ಮಹಾಯುದ್ಧದಲ್ಲಿ ಪರ್ವತ ಯುದ್ಧಕ್ಕೆಂದು ಸ್ಕೀ ಕಲಿಸಿದ ಸೈನಿಕ ಶಿಬಿರ ಅದು. ಯುದ್ಧದಿಂದ ಮರಳಿದವರಲ್ಲಿ ಹಲವರು ಇಲ್ಲಿನ ಸ್ಕೀ ಊರುಗಳಿಗೆ ಬುನಾದಿ ಹಾಕಿದರು. ಆಮೇಲೆ 1950ರ ದಶಕದ ಕೊನೆಯಿಂದ 1964ರವರೆಗೆ ಅಮೆರಿಕದ ಗುಪ್ತಚರ ಸಂಸ್ಥೆ ಇಲ್ಲಿಯೇ ಟಿಬೆಟನ್ ಹೋರಾಟಗಾರರಿಗೆ ತರಬೇತಿ ಕೊಟ್ಟಿತು. ಬೈಲಕುಪ್ಪೆಯನ್ನು ನೋಡಿ ಬೆಳೆದ ನನಗೆ ಆ ಖಾಲಿ ಬಯಲಿನಲ್ಲಿ ಕಾರು ನಿಲ್ಲಿಸದೆ ಮುಂದೆ ಹೋಗಲು ಮನಸ್ಸಾಗುವುದಿಲ್ಲ.

ಲೆಡ್‌ವಿಲ್ 10,152 ಅಡಿ, ಬೆಳ್ಳಿ ಗಣಿಯ ಹಳೆಯ ಊರು. ಅಲ್ಲಿ ನೀರು ಸುಮಾರು 90 ಡಿಗ್ರಿಗೇ ಕುದಿಯುತ್ತದೆ. ಒಮ್ಮೆ ಬಾಡಿಗೆ ಮನೆಯಲ್ಲಿ ತಪ್ಪಲೆಯಲ್ಲಿ ಅನ್ನಕ್ಕಿಟ್ಟು, ಒಂದು ಗಂಟೆ ಕಾದು, ನಡುವೆ ಕಲ್ಲಿನಂತೆ ಉಳಿದ ಅಗುಳನ್ನೇ ಮೊಸರಿನಲ್ಲಿ ಕಲಸಿ ತಿಂದೆವು. ಅಮ್ಮ ಅಲ್ಲಿಂದೀಚೆಗೆ ಕುಕ್ಕರ್ ಬಿಟ್ಟು ಹೊರಡುವುದಿಲ್ಲ. ಊರಿನಿಂದ ತಂದ ಕೋಡುಬಳೆಯ ಪೊಟ್ಟಣ ದಿಂಬಿನಂತೆ ಊದಿಕೊಂಡದ್ದೂ ಅಲ್ಲೇ. ಗಾಬರಿಯಾಗಬೇಡಿ, ಹೊರಗಿನ ಗಾಳಿಯ ಒತ್ತಡ ಕಡಿಮೆ, ಅಷ್ಟೆ.

ಅಲ್ಲಿಂದ ಮುಂದೆ 12,095 ಅಡಿಯ ಇಂಡಿಪೆಂಡೆನ್ಸ್ ಪಾಸ್ ಹತ್ತಿ ಆಸ್ಪೆನ್‌ಗೆ ಇಳಿಯಬೇಕು. ಕೆಲವು ಕಡೆ ಎರಡು ಕಾರು ಮೈ ಸವರಿಕೊಂಡು ಹೋಗುವಷ್ಟೇ ಜಾಗ. ಚಳಿಗಾಲದಲ್ಲಿ ಈ ದಾರಿ ಮುಚ್ಚಿರುತ್ತದೆ. ಸೆಪ್ಟೆಂಬರ್‌ನಲ್ಲೂ ಒಮ್ಮೊಮ್ಮೆ ಹಿಮ ಉದುರುವುದುಂಟು, ಹೊರಡುವ ಬೆಳಿಗ್ಗೆ ರಸ್ತೆಯ ಸ್ಥಿತಿ ನೋಡಿಕೊಳ್ಳಿ. ನೀವು ಆ ವಾರವನ್ನೇ ಆರಿಸಿಕೊಂಡದ್ದು ಎಂಥ ಅದೃಷ್ಟ ಎಂದು ಗೊತ್ತಾಗುವುದು ಇಲ್ಲಿ. ಆಸ್ಪೆನ್ ಎಂಬುದು ಊರಿನ ಹೆಸರಷ್ಟೇ ಅಲ್ಲ, ಮರದ ಹೆಸರು. ಅದರ ಎಲೆಯ ತೊಟ್ಟು ಚಪ್ಪಟೆ, ಹಾಗಾಗಿ ನಮ್ಮ ಅರಳಿ ಎಲೆಯಂತೆ ಗಾಳಿಯೇ ಇಲ್ಲವೆನ್ನುವಾಗಲೂ ನಡುಗುತ್ತಿರುತ್ತದೆ. ಸೆಪ್ಟೆಂಬರ್ ಕೊನೆಗೆ ಇಡೀ ಬೆಟ್ಟದ ಎಲೆ ಅರಿಸಿನ ಬಣ್ಣಕ್ಕೆ ತಿರುಗಿ ಒಟ್ಟಿಗೆ ನಡುಗುವುದನ್ನು ಅಪ್ಪ ಅರ್ಧ ಗಂಟೆ ಸುಮ್ಮನೆ ನೋಡುತ್ತ ನಿಂತಿದ್ದರು. ಆಸ್ಪೆನ್‌ನಲ್ಲಿ ಕೋಣೆ ಬಾಡಿಗೆ ವಿಪರೀತ, ಮಲಗಲು ಕಾರ್ಬಂಡೇಲ್‌ಗೆ ಇಳಿಯಿರಿ. ಮರೂನ್ ಬೆಲ್ಸ್ ಶಿಖರಗಳನ್ನು ನೋಡಲು ಬಸ್ಸನ್ನು ಮೊದಲೇ ಕಾಯ್ದಿರಿಸಿ, ಹಗಲು ಕಾರು ಬಿಡುವುದಿಲ್ಲ.

ಮೆಕ್ಲೂರ್ ಪಾಸ್, ಮಾಂಟ್ರೋಸ್, ರಿಜ್‌ವೇ ಮೇಲೆ ಟೆಲ್ಯುರೈಡ್. ಮೂರು ಕಡೆ ಬೆಟ್ಟದ ಗೋಡೆ, ನಡುವೆ ಒಂದು ಬೀದಿ. ಈ ಊರುಗಳಲ್ಲೆಲ್ಲ ನನಗೆ ಇಷ್ಟವಾದದ್ದು ಇದೇ. ಬೆಟ್ಟ ಹತ್ತಿ ಆಚೆ ಬದಿಯ ಮೌಂಟನ್ ವಿಲೇಜ್‌ಗೆ ಇಳಿಯುವ ಗೊಂಡೊಲಾ, ಅಂದರೆ ತಂತಿಯ ಮೇಲೆ ತೂಗುತ್ತ ಸಾಗುವ ಡಬ್ಬಿ, 1996ರಿಂದ ಉಚಿತವಾಗಿ ಓಡುತ್ತಿದೆ. ಮಂಡಿನೋವಿನ ಅಮ್ಮ ಅದರಲ್ಲಿ ಮೂರು ಸಲ ಹೋಗಿ ಬಂದರು.

ಕೊನೆಯದಾಗಿ, ಯುರೇ ಮತ್ತು ಸಿಲ್ವರ್ಟನ್ ನಡುವಿನ ಸುಮಾರು 25 ಮೈಲಿಯ ‘ಮಿಲಿಯನ್ ಡಾಲರ್ ಹೆದ್ದಾರಿ’. ಪ್ರಪಾತದ ಅಂಚಿಗೆ ಬಹಳ ಕಡೆ ತಡೆಗೋಡೆಯೇ ಇಲ್ಲ. ಹಿಮ ಗುಡಿಸುವ ಗಾಡಿಗಳು ಹಿಮವನ್ನು ಕೆಳಕ್ಕೆ ತಳ್ಳಲು ಜಾಗ ಬೇಕಲ್ಲ. ಇಲ್ಲಿ ವಾಹನ ಬಲಬದಿಯಲ್ಲಿ ಓಡುವುದರಿಂದ ಯುರೇಯಿಂದ ದಕ್ಷಿಣಕ್ಕೆ ಹೋದರೆ ನೀವು ಪ್ರಪಾತದ ಬದಿಯಲ್ಲಿರುತ್ತೀರಿ, ಸಿಲ್ವರ್ಟನ್‌ನಿಂದ ಬಂದರೆ ಬೆಟ್ಟದ ಬದಿಯಲ್ಲಿ. ನಾನು ಮೊದಲ ಸಲ ತಪ್ಪು ದಿಕ್ಕಿನಲ್ಲಿ ಹೋದೆ. ಮುಂದಿನ ಸೀಟಿನಲ್ಲಿದ್ದ ಅಮ್ಮ ಯುರೇ ಬಿಟ್ಟೊಡನೆ ಕಣ್ಣು ಮುಚ್ಚಿ ವಿಷ್ಣು ಸಹಸ್ರನಾಮ ಶುರುಮಾಡಿದವರು, ಸಿಲ್ವರ್ಟನ್ ಕಾಣುವಾಗ ಎರಡನೆಯ ಸುತ್ತಿನಲ್ಲಿದ್ದರು. ನೀವು ಟೆಲ್ಯುರೈಡ್‌ನಿಂದ ಕಾರ್ಟೆಜ್, ಡುರಾಂಗೊ ಬಳಸಿ ಸಿಲ್ವರ್ಟನ್ ಕಡೆಯಿಂದ ಬನ್ನಿ. ಒಂದು ದಿನ ಹೆಚ್ಚು ಹಿಡಿಯುತ್ತದೆ, ಆದರೆ ಅಮ್ಮ ಕಣ್ಣು ತೆರೆದುಕೊಂಡು ಕೂತಿರುತ್ತಾರೆ.