ವಸಡಿನ ರಕ್ತ: ಅರಬ್ಬಿ ಪುಟ ಹೇಳಿದ ಮದ್ದು ನಂಬಬಹುದೇ?

ವಸಡಿನಲ್ಲಿ ರಕ್ತ ಬರುತ್ತಿದೆ ಎಂದು ನೀವು ಓದಿದ ಅರಬ್ಬಿ ಜಾಲಪುಟವೊಂದು, ಲವಂಗ ಮತ್ತು ಮಿಸ್ವಾಕಿನಿಂದ (ಹಲ್ಲುಜ್ಜುವ ಕಡ್ಡಿ) ವಸಡಿನ ಕಾಯಿಲೆ ಪೂರ್ತಿ ವಾಸಿ ಎನ್ನುತ್ತದೆ. ಹಾಗೆ ಹೇಳುತ್ತಿರುವುದು ಬಹುಶಃ ಎರಡು ಕಾಯಿಲೆಗಳನ್ನು ಒಂದೇ ಹೆಸರಿನಲ್ಲಿ ಬರೆದಿರುವುದರಿಂದ. ಅರಬ್ಬಿಯಲ್ಲಿ ‘ಇಲ್ತಿಹಾಬ್ ಅಲ್-ಲಿಥಾ’ ಎಂದರೆ ವಸಡಿನ ಉರಿಯೂತ. ದಿನವೂ ಸರಿಯಾಗಿ ಉಜ್ಜಿ, ಗಾರೆ (ಹಲ್ಲಿಗೆ ಅಂಟಿ ಗಟ್ಟಿಯಾದ ಕೊಳೆ) ತೆಗೆಸಿದರೆ ಇದು ವಾಸಿಯಾಗುತ್ತದೆ. ಹಲ್ಲು ಹಿಡಿದಿರುವ ಮೂಳೆಯೇ ಕರಗುವುದು ‘ಇಲ್ತಿಹಾಬ್ ದವಾಇಮ್ ಅಸ್-ಸಿನ್’. ಹೋದ ಮೂಳೆಯನ್ನು ಯಾವ ಲವಂಗವೂ ತರುವುದಿಲ್ಲ. ಮಿಸ್ವಾಕ್ ಮೆತ್ತನೆಯ ಕೊಳೆ ತೆಗೆಯುತ್ತದೆ, ಗಟ್ಟಿಯಾದ ಗಾರೆಯನ್ನಲ್ಲ.

ಮೊದಲು ಪುಟದಲ್ಲಿ ಎರಡನೆಯ ಹೆಸರು ಇದೆಯೇ ಹುಡುಕಿ. ಆಮೇಲೆ ಬರೆದವರ ಹೆಸರು ಮತ್ತು ಅರ್ಹತೆ, ಆಧಾರ, ದಿನಾಂಕ, ಹಣ ಯಾರದು ಎಂಬ ನಾಲ್ಕನ್ನು ನೋಡಿ. ಪೇಸ್ಟ್ ಮಾರುವವರದೇ ಪುಟವಾದರೆ ಬಿಟ್ಟುಬಿಡಿ. ಮೂಳೆ ಕರಗುವ ಈ ಎರಡನೆಯ ಕಾಯಿಲೆಗೆ 2018ರಲ್ಲಿ ಬಂದ ವರ್ಗೀಕರಣದಲ್ಲಿ 1ರಿಂದ 4 ಹಂತ, ಎಯಿಂದ ಸಿ ದರ್ಜೆ ಇವೆ. ಇನ್ನೂ ‘ದೀರ್ಘಕಾಲಿಕ, ಆಕ್ರಮಣಕಾರಿ’ ಎಂದೇ ವಿಂಗಡಿಸುವ ಪುಟ ಹಳೆಯದು. ಕೊನೆಗೆ ಸೌದಿ ಆರೋಗ್ಯ ಸಚಿವಾಲಯದ ಅಥವಾ ವಿಶ್ವ ಆರೋಗ್ಯ ಸಂಸ್ಥೆಯ ಅರಬ್ಬಿ ಪುಟದೊಂದಿಗೆ ಹೋಲಿಸಿ.

ನಿಮಗಿರುವುದು ಈ ಎರಡರಲ್ಲಿ ಯಾವ ಕಾಯಿಲೆ ಎಂದು ಬರಹದಿಂದ ಹೇಳಲಾಗದು. ಎರಡು ವಾರ ಸರಿಯಾಗಿ ಉಜ್ಜಿಯೂ ರಕ್ತ ನಿಲ್ಲದಿದ್ದರೆ ದಂತವೈದ್ಯರಲ್ಲಿ ಹಲ್ಲು ಮತ್ತು ವಸಡಿನ ನಡುವಿನ ಸಂದಿಯ ಆಳವನ್ನು ಮಿಲಿಮೀಟರಿನಲ್ಲಿ ಅಳೆಸಿ. 4 ಅಥವಾ ಹೆಚ್ಚು ಬಂದರೆ ಎಕ್ಸ್‌ರೇ ಕೇಳಿ. ಹಲ್ಲು ಅಲುಗಾಡುತ್ತಿದ್ದರೆ, ಕೀವು ಬಂದರೆ ಕಾಯಬೇಡಿ.